ನಿಂತಲ್ಲೇ ನಡೆದವರು: ವಾಕರ್ ಎಂಬ ಇಂಗ್ಲಿಷ್ ಉಪನಾಮದ ಹಿನ್ನೆಲೆ

ಇಂಗ್ಲಿಷ್ ಉಪನಾಮಗಳಲ್ಲಿ ಕೆಲವು ತಮ್ಮ ಅರ್ಥವನ್ನು ಮುಚ್ಚಿಡುವುದಿಲ್ಲ. ಬೇಕರ್ ಎಂದರೆ ಬ್ರೆಡ್ ಸುಡುವವನು, ಕಾರ್ಪೆಂಟರ್ ಎಂದರೆ ಬಡಗಿ, ಶೆಫರ್ಡ್ ಎಂದರೆ ಕುರಿ ಕಾಯುವವನು. ವಾಕರ್ ಎಂಬ ಹೆಸರನ್ನೂ ಇದೇ ಸಾಲಿಗೆ ಸೇರಿಸಿ, ನಡೆಯುವವನು ಎಂದು ಅರ್ಥ ಹೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ನಡೆಯದೆ ಇದ್ದವರು ಯಾರು? ಕುದುರೆ ಸಾಕುವ ಶಕ್ತಿಯಿದ್ದ ಕೆಲವರನ್ನು ಬಿಟ್ಟರೆ ಊರಿಗೆ ಊರೇ ಕಾಲ್ನಡಿಗೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಅವರೊಳಗಿನ ಒಬ್ಬನನ್ನು ಮಾತ್ರ ನಡೆಯುವವನು ಎಂದು ಕರೆದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ವಾಕರ್ ನಡೆಯುತ್ತಿದ್ದುದು ನಿಜ. ಆದರೆ ಅವನು ನಡೆಯುತ್ತಿದ್ದುದು ಒಂದು ತೊಟ್ಟಿಯೊಳಗೆ, ನಿಂತ ಜಾಗ ಬಿಟ್ಟು ಕದಲದೆ, ನೆನೆದ ಉಣ್ಣೆಬಟ್ಟೆಯ ಮೇಲೆ.

ಆ ಕಸುಬು ಏನೆಂದು ತಿಳಿಯದೆ ಹೆಸರು ತಿಳಿಯುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಹಾಗೆಯೇ ಉಡುವುದಕ್ಕೆ ಬರುವುದಿಲ್ಲ. ಅದರ ನೇಯ್ಗೆ ಸಡಿಲವಾಗಿರುತ್ತದೆ, ಎಳೆಗಳ ನಡುವೆ ಗಾಳಿ ನುಗ್ಗುತ್ತದೆ, ಕುರಿಯ ಮೈಯ ಸಹಜ ಜಿಡ್ಡಿನ ಜೊತೆಗೆ ನೂಲುವಾಗ ಸವರಿದ ಎಣ್ಣೆಯೂ ಅದರಲ್ಲಿ ಉಳಿದಿರುತ್ತದೆ. ಈ ಜಿಡ್ಡು ತೆಗೆದು, ಬಟ್ಟೆಯನ್ನು ಕುಗ್ಗಿಸಿ, ದಟ್ಟವಾಗಿಸಿ, ಮಳೆಗಾಳಿಗೆ ತಡೆಯುವಂತೆ ಮಾಡುವುದೇ ಆ ಕೆಲಸ. ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಮೈಯ ಹಾಗೆ ಸಣ್ಣ ಪೊರೆಗಳಿರುತ್ತವೆ; ತೇವ, ಬಿಸಿ ಮತ್ತು ತಿಕ್ಕಾಟ ಒಟ್ಟಿಗೆ ಬಿದ್ದಾಗ ಆ ಪೊರೆಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಹೀಗೆ ಹದಗೊಂಡ ಬಟ್ಟೆ ಮೂರನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕುಗ್ಗುತ್ತಿತ್ತು. ಇಂಗ್ಲೆಂಡಿನ ಹೆಸರಾಂತ ಬ್ರಾಡ್‌ಕ್ಲಾತ್ ಬಟ್ಟೆಯನ್ನು ಇಬ್ಬರು ನೇಕಾರರು ಕೂರುವಷ್ಟು ಅಗಲದ ಮಗ್ಗದಲ್ಲಿ ನೇಯುತ್ತಿದ್ದುದಕ್ಕೆ ಈ ಕುಗ್ಗುವಿಕೆಯೂ ಒಂದು ಕಾರಣ. ಸರಿಯಾಗಿ ಹದವಾದ ಬಟ್ಟೆಯಲ್ಲಿ ಹಾಸು ಯಾವುದು, ಹೊಕ್ಕು ಯಾವುದು ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ. ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚಿಕೊಳ್ಳುವುದೂ ಇಲ್ಲ.

ಜಿಡ್ಡು ಕರಗಿಸಲು ಬಳಸುತ್ತಿದ್ದ ವಸ್ತುಗಳು ಎರಡು. ಒಂದು, ನಾವು ಮುಲ್ತಾನಿ ಮಿಟ್ಟಿ ಎನ್ನುವ ಜಾತಿಯ ಜೇಡಿಮಣ್ಣು. ಇಂಗ್ಲಿಷಿನಲ್ಲಿ ಅದಕ್ಕೆ ಇಂದಿಗೂ ಫುಲ್ಲರ್ಸ್ ಅರ್ತ್ ಎಂದೇ ಹೆಸರು, ಅಂದರೆ ಬಟ್ಟೆ ಹದಮಾಡುವವನ ಮಣ್ಣು. ಸರ್ರೆ ಪ್ರಾಂತದ ನಟ್‌ಫೀಲ್ಡ್ ಮತ್ತು ರೆಡ್‌ಹಿಲ್ ಸುತ್ತಮುತ್ತ ಅದನ್ನು 20ನೆಯ ಶತಮಾನದವರೆಗೂ ಅಗೆದು ತೆಗೆಯುತ್ತಿದ್ದರು. ಇನ್ನೊಂದು ವಸ್ತು ಹಳಸಿದ ಮೂತ್ರ. ಮೂತ್ರವನ್ನು ಕೆಲವು ದಿನ ಹಾಗೆಯೇ ಇಟ್ಟರೆ ಅದರೊಳಗಿನ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಕ್ಷಾರಗುಣದ ಈ ಅಮೋನಿಯಾ ಜಿಡ್ಡಿನೊಡನೆ ಸೇರಿ ಒಂದು ಬಗೆಯ ಸಾಬೂನಾಗುತ್ತದೆ. ಈ ಹಳಸಿದ ಮೂತ್ರಕ್ಕೆ ಇಂಗ್ಲಿಷಿನಲ್ಲಿ ಲ್ಯಾಂಟ್ ಎಂಬ ಪ್ರತ್ಯೇಕ ಪದವೇ ಇತ್ತು, ಯಾರ್ಕ್‌ಶೈರಿನ ಬಟ್ಟೆಗಿರಣಿಗಳು 19ನೆಯ ಶತಮಾನದಲ್ಲಿಯೂ ಅದನ್ನು ಮನೆಮನೆಗಳಿಂದ ಸಂಗ್ರಹಿಸುತ್ತಿದ್ದವು. ಮೊಣಕಾಲವರೆಗೆ ಬಟ್ಟೆ ಎತ್ತಿ ಕಟ್ಟಿಕೊಂಡು, ಇಂಥ ದ್ರವ ತುಂಬಿದ ತೊಟ್ಟಿಯಲ್ಲಿ ಗಂಟೆಗಟ್ಟಲೆ ತುಳಿಯುತ್ತಿದ್ದ ಮನುಷ್ಯನನ್ನು ನೆನೆದರೆ, ಇಂದು ನ್ಯಾಯಾಲಯಗಳಲ್ಲಿಯೂ ಸಂಸತ್ತಿನಲ್ಲಿಯೂ ಮೊಳಗುವ ಈ ಹೆಸರಿಗೆ ಬೇರೆಯೇ ಒಂದು ವಾಸನೆ ಅಂಟಿಕೊಳ್ಳುತ್ತದೆ. ಪುರಾತನ ರೋಮಿನಲ್ಲಿಯೂ ಇದೇ ವಿಧಾನ. ಪಾಂಪೇಯ ಅವಶೇಷಗಳಲ್ಲಿ ಇಂಥ ತುಳಿತೊಟ್ಟಿಗಳು ಇಂದಿಗೂ ಕಾಣಸಿಗುತ್ತವೆ, ಚಕ್ರವರ್ತಿ ವೆಸ್ಪಾಸಿಯನ್ ಮೂತ್ರದ ಮೇಲೆ ತೆರಿಗೆ ಹಾಕಿದ ಪ್ರಸಂಗವೂ ಪ್ರಸಿದ್ಧವಾಗಿದೆ.

ಈ ಒಂದೇ ಕಸುಬಿಗೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಆಗ್ನೇಯ ಭಾಗದಲ್ಲಿ, ಅಂದರೆ ಕೆಂಟ್, ಸಸೆಕ್ಸ್, ಸಫಕ್, ನಾರ್ಫಕ್ ಕಡೆಗಳಲ್ಲಿ ಅವನು ಫುಲ್ಲರ್. ನೈಋತ್ಯದ ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್ ಕಡೆಗೆ ಹೋದರೆ ಅವನೇ ಟಕರ್. ಉತ್ತರದಲ್ಲಿಯೂ ಮಿಡ್‌ಲ್ಯಾಂಡ್ಸ್‌ನ ಬಹುಭಾಗದಲ್ಲಿಯೂ ಅವನು ವಾಕರ್. ಫುಲ್ಲರ್ ಲ್ಯಾಟಿನ್ನಿನ ಫುಲ್ಲೋ ಎಂಬ ಪದದಿಂದ ಬಂದದ್ದು. ಟಕರ್‌ನ ಮೂಲ ಹಳೆಯ ಇಂಗ್ಲಿಷಿನ ಟೂಕಿಯನ್. ಅದಕ್ಕೆ ಹಿಂಸಿಸು, ಕಾಡು ಎಂಬ ಅರ್ಥವಿದೆ, ಬಟ್ಟೆ ಪಡುತ್ತಿದ್ದ ಪಾಡನ್ನು ನೋಡಿದರೆ ಅದು ತಕ್ಕದ್ದೇ. ವಾಕರ್‌ನ ಮೂಲ ವೆಅಲ್ಕೆರೆ, ಅದರ ಹಿಂದಿನ ಕ್ರಿಯಾಪದ ವೆಅಲ್ಕನ್; ಹೊರಳಿಸು, ಉರುಳಾಡಿಸು, ಅತ್ತಿತ್ತ ತೂಗಾಡು ಎಂಬುದು ಅದರ ಅರ್ಥ. ಇಲ್ಲಿ ಗಮನಿಸಬೇಕಾದದ್ದು, ಕಾಲಿನಿಂದ ನಡೆ ಎಂಬ ಅರ್ಥ ಆ ಕ್ರಿಯಾಪದಕ್ಕೆ ಅಂಟಿಕೊಂಡದ್ದು ಸುಮಾರು 1200ರ ಹೊತ್ತಿಗೆ, ಆದರೆ ಬಟ್ಟೆ ಹದಮಾಡುವವನು ಎಂಬ ಅರ್ಥದ ನಾಮಪದ ಅದಕ್ಕಿಂತ ಮೊದಲೇ ಹಳೆಯ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಹಾಗಾಗಿ ನಡೆಯುವುದರಿಂದ ವಾಕರ್ ಹುಟ್ಟಿದ ಎನ್ನುವುದಕ್ಕಿಂತ, ಕಸುಬಿನ ಹೆಸರು ಮೊದಲು, ಕಾಲ್ನಡಿಗೆಯ ಅರ್ಥ ಆಮೇಲೆ ಎನ್ನುವುದೇ ಸರಿ. ಜರ್ಮನ್ ಭಾಷೆಯಲ್ಲಿಯೂ ಈ ಕಸುಬಿನವನಿಗೆ ವಾಕರ್ ಎಂದೇ ಬರೆಯುತ್ತಾರೆ, ಅಲ್ಲಿ ಎಲ್ ಅಕ್ಷರವನ್ನು ನುಂಗದೆ ವಾಲ್ಕರ್ ಎಂದು ಉಚ್ಚರಿಸುತ್ತಾರೆ.

ಇಂಗ್ಲೆಂಡಿನಲ್ಲಿ ಕಸುಬಿನ ಹೆಸರುಗಳು ವಂಶಪಾರಂಪರ್ಯದ ಉಪನಾಮಗಳಾಗಿ ಗಟ್ಟಿಯಾದದ್ದು ಒಂದೇ ದಿನದಲ್ಲಿ ಅಲ್ಲ. 1066ರಲ್ಲಿ ನಾರ್ಮನ್ನರು ಬಂದ ನಂತರ ಮೊದಲು ಜಮೀನುದಾರರಲ್ಲಿ, ಬಳಿಕ ಪೇಟೆಯ ಜನರಲ್ಲಿ, ಕೊನೆಗೆ ಹಳ್ಳಿಯವರಲ್ಲಿ ಈ ರೂಢಿ ಹರಡಿತು. ದಕ್ಷಿಣದಲ್ಲಿ ಬೇಗ, ಉತ್ತರದಲ್ಲಿ ತಡವಾಗಿ. 13ನೆಯ ಶತಮಾನದ ದಾಖಲೆಗಳಲ್ಲಿ ಕಾಣುವ ಲೆ ವಾಕರೆ ಎಂಬ ಬರಹದಲ್ಲಿ ಇಂಗ್ಲಿಷಿನ ದ ಪದಕ್ಕೆ ಸಮನಾದ ಆ ಫ್ರೆಂಚ್ ಲೆ ಇನ್ನೂ ಕಸುಬನ್ನೇ ಸೂಚಿಸುತ್ತದೆ. ಯಾರ್ಕ್‌ಶೈರಿನ ವೆಸ್ಟ್ ರೈಡಿಂಗ್ ಪ್ರದೇಶದ 1379ರ ತಲೆಗಂದಾಯದ ಪಟ್ಟಿಗಳು ಈ ಬದಲಾವಣೆಯನ್ನು ಅದು ನಡೆಯುತ್ತಿರುವಾಗಲೇ ತೋರಿಸುತ್ತವೆ: ಅನೇಕರ ಹೆಸರೂ ಅವರ ಕಸುಬೂ ಒಂದೇ ಆಗಿರುತ್ತದೆ, ಇನ್ನು ಕೆಲವರ ವಿಷಯದಲ್ಲಿ ಹೆಸರು ಒಂದು, ಮಾಡುವ ಕೆಲಸ ಮತ್ತೊಂದು. ಎರಡನೆಯ ಬಗೆಯವು ಸಿಗತೊಡಗಿದವೆಂದರೆ ಅಪ್ಪನ ಹೆಸರು ಮಗನಿಗೆ ಆಸ್ತಿಯ ಹಾಗೆ ಬರತೊಡಗಿದೆ ಎಂದೇ ಅರ್ಥ.

ಈ ಹೆಸರಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯಕರವಾಗಿ ಕಾಣುವುದು ಇದರ ಕಾಲಘಟ್ಟ. ವಾಕರ್ ಎಂಬುದು ಉಪನಾಮವಾಗಿ ನೆಲೆಗೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಕಾಲಿನಿಂದ ತುಳಿಯುವ ಪದ್ಧತಿ ಹಿಂದೆ ಸರಿಯುತ್ತಿತ್ತು. ನೀರಿನ ಚಕ್ರದಿಂದ ಎದ್ದು ಬೀಳುವ ಭಾರಿ ಮರದ ಕೊಡತಿಗಳು ಬಟ್ಟೆಯನ್ನು ಜಜ್ಜುವ ಗಿರಣಿ ಇಂಗ್ಲೆಂಡಿನ ದಾಖಲೆಗಳಲ್ಲಿ 1185ರಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆ ವರ್ಷ ಟೆಂಪ್ಲರ್ ಎಂಬ ಕ್ರೈಸ್ತ ಯೋಧಸನ್ಯಾಸಿಗಳ ಪಂಥದವರು ತಮ್ಮ ಆಸ್ತಿಗಳನ್ನು ಪಟ್ಟಿಮಾಡಿಸಿದಾಗ ಯಾರ್ಕ್‌ಶೈರಿನ ನ್ಯೂಸಮ್‌ನಲ್ಲಿ ಒಂದು, ಗ್ಲಾಸ್ಟರ್‌ಶೈರಿನ ಬಾರ್ಟನ್‌ನಲ್ಲಿ ಇನ್ನೊಂದು ಇಂಥ ಗಿರಣಿ ಇದ್ದುದು ದಾಖಲಾಗಿದೆ. ಮುಂದಿನ ನೂರು ವರ್ಷಗಳಲ್ಲಿ ಇವು ಬಹಳ ವೇಗವಾಗಿ ಹಬ್ಬಿದವು. ಆರ್ಥಿಕ ಇತಿಹಾಸಕಾರ್ತಿ ಎಲಿನೋರಾ ಕೇರಸ್-ವಿಲ್ಸನ್ 1941ರಲ್ಲಿ ಇದನ್ನು 13ನೆಯ ಶತಮಾನದ ಕೈಗಾರಿಕಾ ಕ್ರಾಂತಿ ಎಂದೇ ಕರೆದರು. ಮಾತು ತುಸು ದೊಡ್ಡದಾಯಿತೆಂದು ಅವರ ನಂತರದ ಇತಿಹಾಸಕಾರರು ಆಕ್ಷೇಪಿಸಿದ್ದಾರೆ, ನನಗೂ ಹಾಗೆಯೇ ತೋರುತ್ತದೆ. ಆದರೂ ಗಿರಣಿಗಳು ಹರಿವ ನೀರನ್ನು ಅರಸಿಕೊಂಡು ಹೋದುದರಿಂದ ಬಟ್ಟೆಯ ಉದ್ಯಮ ಹಳೆಯ ಪೇಟೆಗಳನ್ನು ಬಿಟ್ಟು ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡಿನ ಹೊಳೆಗಳ ಕಡೆಗೆ ಸರಿಯಿತು ಎಂಬ ಅವರ ವಾದದಲ್ಲಿ ಹುರುಳಿದೆ, ನಮ್ಮ ಹೆಸರಿನ ಮಟ್ಟಿಗಂತೂ ಅದು ಮುಖ್ಯವಾದ ಮಾತು.

ಗಿರಣಿ ಬಂದದ್ದು ಎಲ್ಲರಿಗೂ ಹಿಡಿಸಿರಲಿಲ್ಲ. ಗಿರಣಿ ಇದ್ದುದು ಜಮೀನುದಾರನ ಕೈಯಲ್ಲಿ, ಅವನ ಪ್ರಜೆಗಳು ತಮ್ಮ ಬಟ್ಟೆಯನ್ನು ಅಲ್ಲಿಗೇ ಒಯ್ದು ಹಣ ತೆರಬೇಕಾಗಿತ್ತು. ಸೇಂಟ್ ಆಲ್ಬನ್ಸ್ ಪಟ್ಟಣದ ಜನ ಈ ಕಟ್ಟಳೆಯನ್ನು ಒಪ್ಪದೆ ಮನೆಯಲ್ಲಿಯೇ ಬಟ್ಟೆ ತುಳಿದುಕೊಳ್ಳುತ್ತಿದ್ದರು. 1274ರಲ್ಲಿ ಅಲ್ಲಿನ ಮಠಾಧಿಪತಿಯ ಕಡೆಯವರು ಬಟ್ಟೆಯನ್ನು ಜಪ್ತಿ ಮಾಡಲು ಹೊರಟಾಗ ಪಟ್ಟಣದವರು ಎದುರು ನಿಂತರು, ವ್ಯಾಜ್ಯದ ಖರ್ಚಿಗೆಂದು ಹಣ ಕೂಡಿಸಿದರು, ರಾಣಿ ಎಲಿನೋರ್ ಆ ದಾರಿಯಲ್ಲಿ ಬಂದಾಗ ಹೆಂಗಸರು ಅವಳಿಗೆ ಮೊರೆಯಿಟ್ಟರು. ಕೊನೆಗೆ ರಾಜನ ನ್ಯಾಯಾಲಯದಲ್ಲಿ ಗೆದ್ದದ್ದು ಮಠವೇ. ಹಾಗೆಂದು ಕಾಲು ಒಮ್ಮೆಲೇ ತೊಟ್ಟಿಯಿಂದ ಹೊರಗೆ ಬರಲಿಲ್ಲ. ನೂರು ವರ್ಷಗಳ ನಂತರವೂ ಕವಿ ವಿಲಿಯಂ ಲ್ಯಾಂಗ್‌ಲ್ಯಾಂಡ್, ಮಗ್ಗದಿಂದ ಬಂದ ಬಟ್ಟೆ ಕಾಲಡಿಯಲ್ಲೋ ಗಿರಣಿಯ ಕೊಡತಿಯಡಿಯಲ್ಲೋ ಹದವಾಗುವವರೆಗೆ ಉಡಲು ಚೆನ್ನಾಗಿರದು ಎಂಬರ್ಥದ ಸಾಲುಗಳನ್ನು ಬರೆದಿದ್ದಾನೆ. ಎರಡು ಪದ್ಧತಿಗಳೂ ಅಕ್ಕಪಕ್ಕದಲ್ಲಿ ಇದ್ದುವೆಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಸ್ಕಾಟ್‌ಲ್ಯಾಂಡಿನ ಹೆಬ್ರಿಡಿಸ್ ದ್ವೀಪಗಳಲ್ಲಂತೂ ಹೆಂಗಸರು ಹಲಗೆಯ ಸುತ್ತ ಕುಳಿತು, ಹಾಡಿನ ಲಯಕ್ಕೆ ಒದ್ದೆ ಬಟ್ಟೆಯನ್ನು ಬಡಿದು ಹದಗೊಳಿಸುವ ರೂಢಿ 20ನೆಯ ಶತಮಾನದವರೆಗೂ ಉಳಿದಿತ್ತು. ಅದನ್ನು ಅಲ್ಲಿ ವಾಕಿಂಗ್ ಎಂದೇ ಕರೆಯುತ್ತಾರೆ, ಕಾಗುಣಿತ ಮಾತ್ರ ಬೇರೆ.

ಆದ್ದರಿಂದ 14ನೆಯ ಶತಮಾನದ ವಾಕರ್‌ಗಳಲ್ಲಿ ಎಷ್ಟೋ ಮಂದಿ ಗಿರಣಿ ನಡೆಸುತ್ತಿದ್ದವರೇ ಹೊರತು ತುಳಿಯುತ್ತಿದ್ದವರಲ್ಲ. ಗಿರಣಿಗೂ ಹಳೆಯ ಹೆಸರೇ ಅಂಟಿಕೊಂಡಿತು. ಉತ್ತರದಲ್ಲಿ ಅದು ವಾಕ್‌ಮಿಲ್, ನೈಋತ್ಯದಲ್ಲಿ ಟಕಿಂಗ್‌ಮಿಲ್. ಕಾರ್ನ್‌ವಾಲಿನ ಕ್ಯಾಂಬೋರ್ನ್ ಬಳಿ ಟಕಿಂಗ್‌ಮಿಲ್ ಎಂಬ ಊರೇ ಇದೆ. ವೇಲ್ಸ್ ಭಾಷೆಯಲ್ಲಿ ಈ ಗಿರಣಿಗೆ ಪಾಂಡಿ ಎನ್ನುತ್ತಾರೆ, ಕಲ್ಲಿದ್ದಲಿಗೆ ಹೆಸರಾದ ಟೋನಿಪಾಂಡಿ ಊರಿನ ಹೆಸರಿನಲ್ಲಿರುವುದು ಅದೇ. ಎಕ್ಸೆಟರ್ ನಗರದಲ್ಲಿ ನೇಕಾರರು ಮತ್ತು ಟಕರ್‌ಗಳ ಸಂಘ 1471ರಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಇಂದಿಗೂ ನಿಂತಿದೆ. ಲಂಡನ್ನಿನಲ್ಲಿ ಫುಲ್ಲರ್‌ಗಳ ಸಂಘವೂ ಬಟ್ಟೆಯ ಜೂಲು ಕತ್ತರಿಸುವ ಶಿಯರ್‌ಮನ್‌ಗಳ ಸಂಘವೂ 1528ರಲ್ಲಿ ಒಂದಾಗಿ ಕ್ಲಾತ್‌ವರ್ಕರ್ಸ್ ಕಂಪನಿಯಾದವು. ಶರ್ಮನ್ ಎಂಬ ಉಪನಾಮ ಬಂದದ್ದು ಆ ಕತ್ತರಿಯವರಿಂದ.

ಹದವಾದ ಬಟ್ಟೆಯನ್ನು ಒಣಗಿಸುವ ಕ್ರಮದ ಬಗ್ಗೆಯೂ ಒಂದು ಮಾತು. ಅದನ್ನು ಟೆಂಟರ್ ಎಂಬ ಉದ್ದನೆಯ ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಬಿಗಿದು ಬಯಲಿನಲ್ಲಿ ಬಿಡುತ್ತಿದ್ದರು. ಆತಂಕದಲ್ಲಿ ತುದಿಗಾಲಲ್ಲಿ ನಿಂತವನನ್ನು ಟೆಂಟರ್‌ಹುಕ್ಸ್ ಮೇಲಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳುವುದು ಈ ಕೊಕ್ಕೆಗಳನ್ನೇ ನೆನೆದು. ರಾತ್ರಿಯೆಲ್ಲ ಹೊರಗಿರುತ್ತಿದ್ದ ಬೆಲೆಬಾಳುವ ಬಟ್ಟೆ ಕಳ್ಳರಿಗೆ ಸುಲಭದ ತುತ್ತಾಗಿತ್ತು. ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಹದಿಮೂರೂವರೆ ಪೆನ್ನಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತು ಕದ್ದವನ ತಲೆಯನ್ನು ಯಂತ್ರದಿಂದ ಕತ್ತರಿಸುವ ಪದ್ಧತಿ 1650ರವರೆಗೂ ನಡೆದಿತ್ತು, ಆ ಕಟ್ಟುನಿಟ್ಟಿನ ಹಿಂದೆ ಬಟ್ಟೆಯ ವ್ಯಾಪಾರದ ಹಿತವೂ ಇತ್ತು.

ಇನ್ನು ಜನಪ್ರಿಯತೆಯ ಮಾತು. ಒಂದೇ ಕಸುಬಿನ ಮೂರು ಹೆಸರುಗಳಲ್ಲಿ ವಾಕರ್ ಮಾತ್ರ ಅಷ್ಟು ದೊಡ್ಡದಾಗಿ ಬೆಳೆದದ್ದೇಕೆ? ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ಮರಣ ದಾಖಲೆಗಳ ಮುಖ್ಯ ಅಧಿಕಾರಿಯ ಕಚೇರಿ 1853ರ ವರ್ಷದ ವರದಿಯಲ್ಲಿ ಅತ್ಯಂತ ಸಾಮಾನ್ಯವಾದ 50 ಉಪನಾಮಗಳ ಪಟ್ಟಿಯನ್ನು ಕೊಟ್ಟಿತು. ಸ್ಮಿತ್ ಮೊದಲನೆಯದು, ಜೋನ್ಸ್ ಎರಡನೆಯದು. ವಾಕರ್‌ಗೆ 18ನೆಯ ಸ್ಥಾನ. ಫುಲ್ಲರ್ ಆಗಲಿ ಟಕರ್ ಆಗಲಿ ಆ ಐವತ್ತರಲ್ಲಿ ಇಲ್ಲವೇ ಇಲ್ಲ. ಆ ಪದ ಬಳಕೆಯಲ್ಲಿದ್ದ ಸೀಮೆ ಮೂರರಲ್ಲಿ ಎಲ್ಲಕ್ಕಿಂತ ವಿಶಾಲವಾಗಿತ್ತು ಎಂಬುದು ಮೊದಲ ಕಾರಣ. ಅದು ಸ್ಕಾಟ್‌ಲ್ಯಾಂಡಿನ ತಗ್ಗು ಪ್ರದೇಶದವರೆಗೂ ಹರಡಿತ್ತು, ಗೇಲಿಕ್ ಭಾಷೆಯಲ್ಲಿ ಬಟ್ಟೆ ಹದಮಾಡುವವನ ಮಗ ಎಂಬ ಅರ್ಥದ ಹೆಸರಿದ್ದ ಕೆಲವು ಮನೆತನಗಳೂ ಇಂಗ್ಲಿಷಿಗೆ ತಿರುಗಿದಾಗ ವಾಕರ್ ಎಂದೇ ಬರೆಸಿಕೊಂಡವು. ಎರಡನೆಯ ಕಾರಣ ನನ್ನ ಲೆಕ್ಕದಲ್ಲಿ ಇನ್ನೂ ತೂಕದ್ದು. 18 ಮತ್ತು 19ನೆಯ ಶತಮಾನಗಳಲ್ಲಿ ಯಾರ್ಕ್‌ಶೈರ್, ಲ್ಯಾಂಕಾಶೈರ್, ಡರಮ್ ಪ್ರಾಂತಗಳು ಕಲ್ಲಿದ್ದಲು, ಹತ್ತಿ, ಉಣ್ಣೆ, ಕಬ್ಬಿಣಗಳ ಬಲದಿಂದ ದೇಶದ ಬಹುಭಾಗಕ್ಕಿಂತ ವೇಗವಾಗಿ ಬೆಳೆದವು. ಅಲ್ಲಿನ ಜನಸಂಖ್ಯೆ ಉಬ್ಬಿದಂತೆ ಅಲ್ಲಿನ ಉಪನಾಮಗಳೂ ಉಬ್ಬಿದವು. ಟಕರ್‌ಗಳ ಡೆವನ್ ಪ್ರಾಂತದಲ್ಲಿ ಇದೇ ಅವಧಿಯಲ್ಲಿ ಉಣ್ಣೆಯ ಉದ್ಯಮ ಇಳಿಮುಖವಾಗುತ್ತ ಹೋಯಿತು. 1881ರ ಜನಗಣತಿಯ ವಿವರಗಳನ್ನು ನಕ್ಷೆಯ ಮೇಲೆ ಹರಡಿ ನೋಡಿದರೆ ಐನೂರು ವರ್ಷ ಹಳೆಯ ಆಡುನುಡಿಯ ಗಡಿಗಳು ಹೆಚ್ಚುಕಡಿಮೆ ಹಾಗೆಯೇ ಎದ್ದು ಕಾಣುತ್ತವೆ. ರೈಲು ಬಂದು ದಶಕಗಳೇ ಕಳೆದಿದ್ದರೂ ಬಹುಪಾಲು ವಾಕರ್‌ಗಳು ಉತ್ತರದಲ್ಲಿ, ಟಕರ್‌ಗಳು ನೈಋತ್ಯದಲ್ಲಿ.

ಅಮೆರಿಕದ 2010ರ ಜನಗಣತಿಯಲ್ಲಿ ಈ ಹೆಸರಿನವರು ಐದು ಲಕ್ಷಕ್ಕೂ ಹೆಚ್ಚು ಇದ್ದರು. ಅವರಲ್ಲಿ ಗಣನೀಯ ಪಾಲು ಕಪ್ಪು ಜನರದು. ಗುಲಾಮಗಿರಿಯ ಕಾಲದಲ್ಲಿಯೂ ಅದರಿಂದ ಬಿಡುಗಡೆಯಾದ ಮೇಲೂ ಹೆಸರುಗಳು ನಾನಾ ದಾರಿಯಿಂದ ಬಂದವು. ಯಜಮಾನನ ಹೆಸರೇ ಎಲ್ಲ ಕಡೆ ಬಂತೆಂದು ಊಹಿಸುವುದು ಸರಿಯಲ್ಲ. ಗುಲಾಮಗಿರಿಯ ವಿರುದ್ಧ 1829ರಲ್ಲಿ ಬಾಸ್ಟನ್ನಿನಿಂದ ಉಗ್ರವಾದ ಕರೆ ಹೊರಡಿಸಿದ ಡೇವಿಡ್ ವಾಕರ್ ಈ ಹೆಸರಿನವನು. ಕೇಶತೈಲದ ವ್ಯಾಪಾರದಿಂದ ಸಂಪತ್ತು ಗಳಿಸಿದ ಮೇಡಮ್ ಸಿ. ಜೆ. ವಾಕರ್‌ಗೆ ಹುಟ್ಟುಹೆಸರು ಸಾರಾ ಬ್ರೀಡ್‌ಲವ್. ವಾಕರ್ ಎಂಬುದು ಗಂಡನಿಂದ ಬಂದದ್ದು. ಅಧ್ಯಕ್ಷರಾದ ಇಬ್ಬರು ಬುಷ್‌ಗಳ ನಡುಹೆಸರಿನಲ್ಲಿರುವ ವಾಕರ್, ಹಿರಿಯ ಬುಷ್‌ನ ತಾಯಿಯ ತಂದೆ ಜಾರ್ಜ್ ಹರ್ಬರ್ಟ್ ವಾಕರ್ ಅವರದು; ಗಾಲ್ಫ್ ಆಟದ ವಾಕರ್ ಕಪ್ ಕೂಡ ಅವರ ಹೆಸರಿನದೇ. ಇಂಗ್ಲೆಂಡಿನ ಕಡೆ ತಿರುಗಿದರೆ, ಉಜ್ಜಿದರೆ ಹೊತ್ತಿಕೊಳ್ಳುವ ಬೆಂಕಿಕಡ್ಡಿಯನ್ನು ಕಂಡುಹಿಡಿದು 1827ರಿಂದ ಮಾರಿದ ಜಾನ್ ವಾಕರ್, ವಾಕರ್‌ಗಳ ಸೀಮೆಯೇ ಆದ ಸ್ಟಾಕ್‌ಟನ್-ಆನ್-ಟೀಸ್ ಊರಿನ ಔಷಧ ವ್ಯಾಪಾರಿ. ಅವನು ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಲಾಭವೆಲ್ಲ ಬೇರೆಯವರ ಪಾಲಾಯಿತು.

ಮತ್ತೊಬ್ಬ ಜಾನ್ ವಾಕರ್ ಸ್ಕಾಟ್‌ಲ್ಯಾಂಡಿನ ಕಿಲ್ಮಾರ್ನಾಕ್ ಪಟ್ಟಣದವನು. 1820ರಲ್ಲಿ ದಿನಸಿ ಅಂಗಡಿ ತೆರೆದ ಅವನ ಹೆಸರು ವಿಸ್ಕಿಯ ಬಾಟಲಿಯ ಮೇಲೆ ಲೋಕವನ್ನೆಲ್ಲ ಸುತ್ತಿತು. 1908ರಲ್ಲಿ ವ್ಯಂಗ್ಯಚಿತ್ರಕಾರ ಟಾಮ್ ಬ್ರೌನ್ ಆ ವಿಸ್ಕಿಗಾಗಿ ಬರೆದ ಚಿತ್ರದಲ್ಲಿ ಉದ್ದ ಟೋಪಿ, ಬಿಗಿ ಪ್ಯಾಂಟು, ಬೂಟು ತೊಟ್ಟ ಗೃಹಸ್ಥನೊಬ್ಬ ಕೈಯಲ್ಲಿ ಕೋಲು ಹಿಡಿದು ದಾಪುಗಾಲು ಹಾಕುತ್ತಾನೆ. ವಾಕರ್ ಎಂದರೆ ನಡೆಯುವವನು ಎಂಬ ತಿಳಿವಳಿಕೆಯನ್ನು ಇಷ್ಟು ಗಟ್ಟಿಯಾಗಿ ಜನಮನದಲ್ಲಿ ಊರಿದ ಇನ್ನೊಂದು ಚಿತ್ರ ಇರಲಾರದು. ಜಾಹೀರಾತಿನವರನ್ನು ದೂರಿ ಫಲವಿಲ್ಲ. ಬರಿಗಾಲಲ್ಲಿ ಮೂತ್ರದ ತೊಟ್ಟಿಯಲ್ಲಿ ನಿಂತವನ ಚಿತ್ರವಿದ್ದಿದ್ದರೆ ಬಾಟಲಿ ಖರ್ಚಾಗುತ್ತಿತ್ತೇ?

ಎಲ್ಲ ವಾಕರ್‌ಗಳೂ ಬಟ್ಟೆಯವರೇ ಎಂದು ಆಣೆಯಿಟ್ಟು ಹೇಳಲಾಗದು. ನ್ಯೂಕ್ಯಾಸಲ್ ನಗರದಲ್ಲಿ ಟೈನ್ ನದಿಯ ದಂಡೆಗೆ ವಾಕರ್ ಎಂಬ ಬಡಾವಣೆ ಇದೆ. ರೋಮನ್ನರ ಕಾಲದ ಹೇಡ್ರಿಯನ್ ಗೋಡೆ ಆ ಮಾರ್ಗವಾಗಿ ಹಾದುಹೋಗುತ್ತಿತ್ತು, ಗೋಡೆಯ ಪಕ್ಕದ ಜೌಗುನೆಲ ಎಂಬುದು ಆ ಸ್ಥಳನಾಮದ ಅರ್ಥ. ಅಲ್ಲಿಂದ ಹೊರಟ ಕೆಲವರಿಗೆ ಊರಿನ ಹೆಸರೇ ಉಪನಾಮವಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ರಾಜಾರಣ್ಯಗಳಲ್ಲಿ ಗಸ್ತು ತಿರುಗುವ ಕಾವಲುಗಾರನಿಗೂ ವಾಕರ್ ಎನ್ನುತ್ತಿದ್ದರೆಂದು ಹೇಳುವವರಿದ್ದಾರೆ. ಆ ಬಳಕೆ ಇದ್ದದ್ದು ನಿಜವಾದರೂ ಉಪನಾಮ ಆಗಲೇ ಬೇರೂರಿದ್ದರಿಂದ ಆ ವಿವರಣೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಪ್ರತಿಯೊಂದು ಬಟ್ಟೆಯ ಊರಿನಲ್ಲಿಯೂ ಒಬ್ಬೊಬ್ಬ ವಾಕರ್ ಸ್ವತಂತ್ರವಾಗಿ ಹುಟ್ಟಿಕೊಂಡಿದ್ದರಿಂದ ಈ ಹೆಸರಿನ ಎಲ್ಲರಿಗೂ ಸಮಾನನಾದ ಒಬ್ಬ ಮೂಲಪುರುಷ ಇಲ್ಲ. ವಾಕರ್ ಮನೆತನದ ಲಾಂಛನ ಎಂದು ಗೋಡೆಗೆ ತೂಗುಹಾಕಲು ಮಾರುವ ಫಲಕಗಳಿಗೆ ಹಣ ಸುರಿಯುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಇಂಗ್ಲೆಂಡಿನ ನಿಯಮದಂತೆ ಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ, ಅದು ಸಲ್ಲುವುದು ಅವನ ನೇರ ವಂಶದವರಿಗೆ, ಉಪನಾಮಕ್ಕಲ್ಲ. ನಿಜವಾಗಿ ತಮ್ಮ ವಂಶವನ್ನು ಹುಡುಕಬಯಸುವವರು 1837ರ ಜುಲೈ ತಿಂಗಳಿನಿಂದ ಲಭ್ಯವಿರುವ ಸರ್ಕಾರಿ ಜನನ, ವಿವಾಹ, ಮರಣ ದಾಖಲೆಗಳಿಂದ ಹಿಂದಕ್ಕೆ ಹೊರಟು, 1841ರ ನಂತರದ ಜನಗಣತಿಗಳಲ್ಲಿ ಮನೆಯ ವಿಳಾಸವನ್ನು ತಾಳೆ ನೋಡಿ, ಅಲ್ಲಿಂದ 1538ರಲ್ಲಿ ಆರಂಭವಾದ ಚರ್ಚ್ ದಾಖಲೆಗಳಿಗೆ ಇಳಿಯಬೇಕಾಗುತ್ತದೆ. ಉತ್ತರದ ಪ್ರಾಂತಗಳಲ್ಲಿ ಒಂದೇ ಚರ್ಚ್ ವ್ಯಾಪ್ತಿಯಲ್ಲಿ ಒಂದೇ ಕಾಲದಲ್ಲಿ ಹಲವು ಜಾನ್ ವಾಕರ್‌ಗಳು ಸಿಗುವುದರಿಂದ, ಹೆಸರೊಂದನ್ನೇ ನಂಬದೆ ಕಸುಬು, ಹೆಂಡತಿಯ ಹೆಸರು ಮತ್ತು ಉಯಿಲುಗಳನ್ನು ಕೂಡಿಸಿ ನೋಡದೆ ಬೇರೆ ದಾರಿಯಿಲ್ಲ.